ಅತಿವೃಷ್ಟಿಯ ದಿನಗಳ ಹಾಜರಿ ಮತ್ತು ರಜೆಯನ್ನು ಕುರಿತ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ, ಬೆಂಗಳೂರು.

ಇವರಿಂದ,
ಮಲೆನಾಡು ಮತ್ತು ಕರಾವಳಿ ಜಿಲ್ಲೆಗಳ ಬೋಧನಾಸ್ಪತ್ರೆಗಳಲ್ಲಿಯೂ ವಿಶ್ವವಿದ್ಯಾಲಯಗಳಲ್ಲಿಯೂ ಸೇವೆಯಲ್ಲಿರುವ ನೌಕರರು.

ವಿಷಯ: ರೆಡ್ ಅಲರ್ಟ್ ಘೋಷಿತವಾದ ದಿನಗಳಲ್ಲಿ ಆಸ್ಪತ್ರೆ ಹಾಗೂ ವಿಶ್ವವಿದ್ಯಾಲಯಗಳ ಸಿಬ್ಬಂದಿಯ ಹಾಜರಿ, ರಜೆ ಮತ್ತು ವೇತನದ ಬಗ್ಗೆ ಲಿಖಿತ ನಿಯಮವನ್ನು ರಚಿಸುವಂತೆ ಪ್ರಾರ್ಥನೆ.

ಮಾನ್ಯರೇ,

ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಸೀಮೆಯವರು ನಾವು; ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷಗಳನ್ನು ಬೆರಳೆಣಿಸುತ್ತ ಬೆಳೆದವರು; ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿದವರ ಮಕ್ಕಳು, ಮೊಮ್ಮಕ್ಕಳು. ಆದಕಾರಣ ಮಳೆ ಬಂದಿತೆಂದು ದೂರುವುದಕ್ಕಾಗಲಿ, ಕೆಲಸ ತಪ್ಪಿಸಿಕೊಳ್ಳಲು ನೆಪವೊಂದನ್ನು ಸಂಪಾದಿಸುವುದಕ್ಕಾಗಲಿ ಈ ಮನವಿಯನ್ನು ಸಲ್ಲಿಸುತ್ತಿಲ್ಲವೆಂಬುದನ್ನು ಮೊದಲಲ್ಲಿಯೇ ಅರಿಕೆಮಾಡಿಕೊಳ್ಳುತ್ತೇವೆ. ಎಂಥ ಮಳೆಯಲ್ಲಿಯೂ ರೋಗಿಯ ಬಳಿ ಇರತಕ್ಕದ್ದು ನಮ್ಮ ಧರ್ಮವೆಂಬುದನ್ನು ನಾವು ಒಪ್ಪಿರುವವರು, ನಡೆಸಿಕೊಂಡು ಬಂದಿರುವವರು. ಆ ಧರ್ಮವನ್ನು ನಡೆಸುವುದಕ್ಕೆ ಬೇಕಾದ ದಾರಿ, ಆಸರೆ, ವಿಶ್ರಾಂತಿ, ಸಂಬಳ ಇವುಗಳ ಹೊಣೆ ಯಾರದೆಂಬುದನ್ನು ಮಾತ್ರ ನಮ್ಮ ಕೈಸೇರುವ ಯಾವ ಆದೇಶವೂ ಹೇಳುವುದಿಲ್ಲ. ನಮ್ಮ ಸಂಕಟವೆಲ್ಲ ಇದರಲ್ಲಿಯೇ ಇದೆ.

ಅತಿವೃಷ್ಟಿಯ ಈ ವಿಪತ್ತು ಹೇಳದೆ ಕೇಳದೆ ಬರತಕ್ಕದ್ದಲ್ಲ. 2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಬೆಟ್ಟಗಳು ಜರಿದು ಮಡಿಕೇರಿಯಿಂದ ಸಂಪಾಜೆಗಿಳಿಯುವ ಹೆದ್ದಾರಿ ವಾರಗಟ್ಟಲೆ ಮುಚ್ಚಿಹೋಯಿತು; ಮರುವರ್ಷ ಅದೇ ತಿಂಗಳಲ್ಲಿ ವಿರಾಜಪೇಟೆ ಸೀಮೆಯ ತೋರದಲ್ಲಿ ಮನೆಗಳು ಮಣ್ಣಿನಡಿ ಹೋದವು, ಚಾರ್ಮಾಡಿ ಘಾಟಿಯ ರಸ್ತೆ ಹಲವು ಕಡೆ ಕುಸಿಯಿತು; 2020ರ ಆಗಸ್ಟಿನ ಮೊದಲ ವಾರದಲ್ಲಿ ತಲಕಾವೇರಿಯ ಬೆಟ್ಟ ಜಾರಿತು. ಪಂಚಾಂಗವನ್ನು ತೆರೆದು ನೋಡಿದರೆ ಮೂರೂ ಆಶ್ಲೇಷ ಮಳೆಯ ಹೊತ್ತಿನವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದುದು, ಅದೇ ತಿಂಗಳಲ್ಲಿ ಸಕಲೇಶಪುರದ ದೊಡ್ಡತಪ್ಪಲಿನ ಬಳಿ ಶಿರಾಡಿಯ ಮಾರ್ಗ ನಿಂತುಹೋದುದು ತಮಗೆ ತಿಳಿದೇ ಇದೆ. ಯಾವ ಧರೆ ಎಂದು ಕುಸಿಯುವುದೆಂದು ಯಾರೂ ಹೇಳಲಾರರು. ಆದರೆ ಜೂನಿನಿಂದ ಸೆಪ್ಟೆಂಬರಿನೊಳಗೆ ಘಾಟಿಯ ರಸ್ತೆ ಒಂದಲ್ಲ ಒಂದು ದಿನ ನಿಲ್ಲುವುದೆಂಬುದನ್ನು ನಮ್ಮೂರಿನ ಬಸ್ಸಿನ ಕಂಡಕ್ಟರೂ ಬಲ್ಲ. ಪ್ರತಿವರ್ಷ ಬರುವ ಅತಿಥಿಗೆ ಪ್ರತಿವರ್ಷವೂ ಬಾಗಿಲಲ್ಲಿ ನಿಂತು ಚಾಪೆ ಹುಡುಕುವಂತೆ ನಮ್ಮ ಸಂಸ್ಥೆಗಳು ವರ್ತಿಸುತ್ತಿರುವುದು ವ್ಯಸನಕರ.

ಇಪ್ಪತ್ತನಾಲ್ಕು ಗಂಟೆಗಳಲ್ಲಿ 204.4 ಮಿಲಿಮೀಟರನ್ನು ಮೀರಿದ ಮಳೆಯನ್ನು ಹವಾಮಾನ ಇಲಾಖೆ ಅತ್ಯಂತ ಭಾರಿ ಮಳೆಯೆಂದು ವರ್ಗೀಕರಿಸಿದೆ. ಅಂಥ ಮಳೆಯ ಸಂಭವವಿದ್ದಾಗ ಕೆಂಪು ಬಣ್ಣದ ಎಚ್ಚರಿಕೆ ಸಾಮಾನ್ಯವಾಗಿ ಹಿಂದಿನ ದಿನವೇ ಹೊರಡುತ್ತದೆ. ಜಿಲ್ಲಾಧಿಕಾರಿಗಳ ರಜಾ ಆದೇಶವಾದರೋ ಎಷ್ಟೋ ಸಲ ಬೆಳಗಿನ ಆರು ಗಂಟೆಯ ಮೇಲೆ ವಾಟ್ಸ್‌ಆ್ಯಪಿನಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಎಂಟು ಗಂಟೆಯ ಪಾಳಿಗೆ ಬರಬೇಕಾದವರು ಮೊದಲನೆಯ ಬಸ್ಸು ಹತ್ತಿ ಆಗಿರುತ್ತದೆ. ಬಂದ ಆದೇಶದಲ್ಲಿ ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗಿನ ಹೆಸರುಗಳಿರುತ್ತವೆ. ಪದವಿ ಕಾಲೇಜು ಒಮ್ಮೆ ಸೇರುತ್ತದೆ, ಒಮ್ಮೆ ಬಿಟ್ಟುಹೋಗುತ್ತದೆ. ವಿಶ್ವವಿದ್ಯಾಲಯದ ಮಾತು ಬರುವುದು ಅಪರೂಪ. ವೈದ್ಯಕೀಯ ಕಾಲೇಜನ್ನು ಕಾಲೇಜೆಂದೆಣಿಸಬೇಕೋ ಆಸ್ಪತ್ರೆಯೆಂದೆಣಿಸಬೇಕೋ ಎಂಬ ಪ್ರಶ್ನೆಗೆ ಉತ್ತರ ದೊರೆಯದೆ, ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ, ಅಧ್ಯಾಪಕರು ಅರ್ಧದಾರಿಯಲ್ಲಿ, ಗುಮಾಸ್ತರು ಬೀಗ ತೆರೆಯದ ಕಚೇರಿಯ ಜಗಲಿಯಲ್ಲಿ ನಿಂತಿರುವುದನ್ನು ನಾವು ಕಂಡಿದ್ದೇವೆ.

ಈ ಮನವಿಯನ್ನು ಬರೆಯುವ ಹೊಣೆಯನ್ನು ಹೊತ್ತಿರುವ ನಾನು ಇಪ್ಪತ್ತೆಂಟು ವರ್ಷಗಳಿಂದ ಶುಶ್ರೂಷಾ ವೃತ್ತಿಯಲ್ಲಿರುವವಳು. ಸಂಸ್ಥೆಯ ಹೆಸರನ್ನು ಹೇಳುವ ಅಗತ್ಯವಿಲ್ಲದ ಒಂದು ಬೆಳಗನ್ನು ತಮ್ಮ ಮುಂದಿಡಲು ಅಪ್ಪಣೆಯಾಗಬೇಕು. ಹಿಂದಿನ ರಾತ್ರಿ ಎಂಟಕ್ಕೆ ನವಜಾತ ಶಿಶುಗಳ ನಿಗಾ ಘಟಕದ ಪಾಳಿಗೆ ಬಂದ ನಾವಿಬ್ಬರು ಬೆಳಗ್ಗೆ ಎಂಟಕ್ಕೆ ಬಿಡುಗಡೆಯಾಗಬೇಕಾಗಿತ್ತು. ಎಂಟಾಯಿತು, ಒಂಬತ್ತಾಯಿತು, ಹತ್ತಾಯಿತು. ನಮ್ಮನ್ನು ಬಿಡಿಸಬೇಕಾದವರು ಬರಲಿಲ್ಲ. ಘಾಟಿಯಲ್ಲಿ ಮರ ಬಿದ್ದಿದೆಯೆಂದು ಫೋನು ಬಂದದ್ದಷ್ಟೇ. ಆಮೇಲೆ ಫೋನೂ ಹೋಯಿತು. ಹನ್ನೊಂದೂವರೆಯ ಹೊತ್ತಿಗೆ ನಮ್ಮನ್ನು ಬಿಡಿಸಬೇಕಾಗಿದ್ದ ಹುಡುಗಿ ಬಂದಳು. ಬಸ್ಸು ನಿಂತಲ್ಲಿಂದ ಇಳಿದು, ಬಿದ್ದ ಮರವನ್ನು ದಾಟಿ, ಆರು ಕಿಲೋಮೀಟರು ನಡೆದು ಬಂದಿದ್ದಳು; ಒಂದು ಕಾಲಿನ ಚಪ್ಪಲಿಯನ್ನು ಕೆಸರು ಹಿಡಿದುಕೊಂಡಿತ್ತು. ವಾರ್ಡಿಗೆ ಬರುವ ಮೊದಲು ಹಾಜರಿ ಯಂತ್ರದ ಮೇಲೆ ಬೆರಳಿಟ್ಟಳು. ಅದು ಒಪ್ಪಲಿಲ್ಲ. ನೀರಿನಲ್ಲಿ ನೆನೆದು ಬೆರಳ ತುದಿಯೆಲ್ಲ ಬಿಳಚಿ ಸುಕ್ಕುಗಟ್ಟಿತ್ತು. ನನ್ನ ಸೆರಗಿನಿಂದ ಒರೆಸಿದೆ, ಶಿಶುಗಳಿಗೆ ಶಾಖ ಕೊಡುವ ದೀಪದ ಕೆಳಗೆ ಕೈ ಹಿಡಿಸಿದೆ. ನಾಲ್ಕನೆಯ ಸಲ ಯಂತ್ರ ಒಪ್ಪಿಕೊಂಡಾಗ ಗಂಟೆ ಹನ್ನೊಂದು ನಲವತ್ತೆರಡು. ತಿಂಗಳ ಕೊನೆಯಲ್ಲಿ ಆಕೆಯ ಲೆಕ್ಕದಲ್ಲಿ ಅರ್ಧ ದಿನದ ಸಾಂದರ್ಭಿಕ ರಜೆ ಕಳೆದಿತ್ತು. ಹದಿನಾರು ಗಂಟೆಗೆ ಹತ್ತಿರ ನಿಂತಿದ್ದ ನಮ್ಮಿಬ್ಬರ ಲೆಕ್ಕದಲ್ಲಿ ಹೆಚ್ಚಿನದೇನೂ ಸೇರಿರಲಿಲ್ಲ.

ಅದೇ ದಿನ ನಮ್ಮ ಘಟಕವನ್ನು ಶುಚಿಮಾಡುವ ಹೊರಗುತ್ತಿಗೆಯ ಅಕ್ಕನೊಬ್ಬರು ತಮ್ಮ ಊರಿನ ಹಳ್ಳದ ಬಳಿಗೆ ಬಂದು ನೋಡಿದಾಗ ಕಾಲುಸಂಕದ ಅಡಿಕೆ ಮರದ ದಬ್ಬೆಗಳ ಮೇಲೆ ನೀರು ಹರಿಯುತ್ತಿತ್ತು. ಅವರು ಹಿಂದಿರುಗಿದರು. ಹಿಂದಿರುಗಿದ್ದು ವಿವೇಕ, ಕಾಲುಸಂಕ ದಾಟುವಾಗ ಕೊಚ್ಚಿಹೋದವರ ಸುದ್ದಿಯಿಲ್ಲದೆ ನಮ್ಮ ಸೀಮೆಯಲ್ಲಿ ಮಳೆಗಾಲ ಮುಗಿಯುವುದು ಕಡಿಮೆ. ಆದರೂ ಆ ವಿವೇಕಕ್ಕೆ ಅವರು ಒಂದು ದಿನದ ಕೂಲಿಯನ್ನು ತೆರಬೇಕಾಯಿತು. “ನಾಳೆ ದಾಟಿಯೇ ಬರ್ತೇನೆ ಸಿಸ್ಟರೇ, ಎರಡು ದಿನದ್ದು ಹೋದ್ರೆ ರೇಷನ್ನಿಗೆ ಎಲ್ಲಿಂದ ತರ್ಲಿ” ಎಂದು ಅವರು ಅಂದು ಸಂಜೆ ಫೋನಿನಲ್ಲಿ ಆಡಿದ ಮಾತನ್ನು ನಾನು ಮರೆಯಲಾರೆ. ಪ್ರಾಣಭಯಕ್ಕಿಂತ ಸಂಬಳಭಯವನ್ನು ದೊಡ್ಡದು ಮಾಡುವ ವ್ಯವಸ್ಥೆಯನ್ನು ಯಾರೂ ಬೇಕೆಂದು ಕಟ್ಟಿದ್ದಲ್ಲ; ನಿಯಮವಿಲ್ಲದ ಕಡೆ ಅದು ತಾನಾಗಿಯೇ ಬೆಳೆದಿದೆ.

ಹಿಮ ಸುರಿಯುವ ದೇಶಗಳ ಪದ್ಧತಿಯನ್ನು ಇಲ್ಲಿ ಸ್ಮರಿಸುವುದು ಅನುಚಿತವಾಗಲಾರದು. ಅಮೆರಿಕ, ಕೆನಡಾಗಳ ಅನೇಕ ವಿಶ್ವವಿದ್ಯಾಲಯಗಳೂ ಅವುಗಳಿಗೆ ಸೇರಿದ ಆಸ್ಪತ್ರೆಗಳೂ ಚಳಿಗಾಲಕ್ಕೆ ಮುಂಚೆಯೇ, ಹಿಮಪಾತದ ದಿನ ಯಾವ ಹುದ್ದೆಯವರು ಬರಲೇಬೇಕು, ಯಾರು ಮನೆಯಲ್ಲಿರಬಹುದು, ಮುಚ್ಚಿದ ದಿನದ ವೇತನವೇನು ಎಂಬುದನ್ನು ಬರೆದು ಪ್ರಕಟಿಸುತ್ತವೆ. ಅಷ್ಟು ಸಿದ್ಧತೆಯಿರುವ ನಾಡಿನಲ್ಲಿಯೂ 2022ರ ಡಿಸೆಂಬರಿನಲ್ಲಿ ಬಫಲೋ ನಗರವನ್ನು ಹಿಮಮಾರುತ ಮುಚ್ಚಿದಾಗ ಆಸ್ಪತ್ರೆಯವರು ಮನೆಗೆ ಹೋಗಲಾರದೆ ದಿನಗಟ್ಟಲೆ ವಾರ್ಡುಗಳಲ್ಲಿಯೇ ಉಳಿದರು. ಸಿದ್ಧತೆಯಿದ್ದಲ್ಲಿಯೇ ಇಷ್ಟು ಕಷ್ಟವಾದರೆ ಬರೆದಿಟ್ಟದ್ದೊಂದೂ ಇಲ್ಲದ ನಮ್ಮ ಪಾಡನ್ನು ತಾವು ಊಹಿಸಬಹುದು.

ಈ ಕಾರಣಗಳಿಂದ, ವಿಪತ್ತು ನಿರ್ವಹಣಾ ಅಧಿನಿಯಮ, 2005ರ 18ನೆಯ ಪ್ರಕರಣದಂತೆ ಇಲಾಖೆಗಳಿಗೆ ಮಾರ್ಗಸೂಚಿಗಳನ್ನು ವಿಧಿಸುವ ಅಧಿಕಾರವುಳ್ಳ ಪ್ರಾಧಿಕಾರವು ಮುಂಗಾರಿಗೆ ಮುನ್ನ ಈ ಬೇಡಿಕೆಗಳನ್ನು ಪರಿಶೀಲಿಸಿ ಆದೇಶ ಹೊರಡಿಸಬೇಕೆಂದು ಪ್ರಾರ್ಥಿಸುತ್ತೇವೆ.

ಮೊದಲನೆಯದಾಗಿ, ರೆಡ್ ಅಲರ್ಟ್ ಇದ್ದಾಗ ಮರುದಿನದ ರಜೆಯ ನಿರ್ಧಾರ ಹಿಂದಿನ ಸಂಜೆ ಆರು ಗಂಟೆಯೊಳಗೆ ಪ್ರಕಟವಾಗತಕ್ಕದ್ದು; ಅದರಲ್ಲಿ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜು, ಬೋಧನಾಸ್ಪತ್ರೆ ಇವುಗಳನ್ನು ಹೆಸರಿಟ್ಟು ಬರೆದು, ತರಗತಿಗೆ ರಜೆಯೋ ಕಚೇರಿಗೂ ರಜೆಯೋ ಎಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ಹೇಳಬೇಕು. ವಿದ್ಯಾರ್ಥಿಗಳು ದಾಟಲಾರದ ಹೊಳೆಯನ್ನು ಗುಮಾಸ್ತನು ದಾಟಬಲ್ಲನೆಂಬ ಭಾವನೆಯಿಂದ ಹೊರಡುವ ಆದೇಶಗಳು ನಿಲ್ಲಬೇಕು.

ಎರಡನೆಯದು ನಮಗೆ ಎಲ್ಲಕ್ಕಿಂತ ಮುಖ್ಯವಾದುದು. ಪ್ರತಿಯೊಂದು ಸಂಸ್ಥೆಯೂ ಮೇ ತಿಂಗಳ ಕೊನೆಯೊಳಗೆ, ಅಂಥ ದಿನಗಳಲ್ಲಿ ಬರಲೇಬೇಕಾದ ಹುದ್ದೆಗಳ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಬೇಕು. ತುರ್ತು ಚಿಕಿತ್ಸೆ, ಹೆರಿಗೆ, ನಿಗಾ ಘಟಕ, ಡಯಾಲಿಸಿಸ್, ರಕ್ತನಿಧಿ, ಆಮ್ಲಜನಕ, ಜನರೇಟರು, ಅಡಿಗೆಮನೆ ಇವು ನಿಲ್ಲತಕ್ಕವಲ್ಲ. ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲಿನ ಊಟ, ಕಾವಲು, ಪ್ರಯೋಗಾಲಯದ ಶೀತಲ ಪೆಟ್ಟಿಗೆಗಳು ಹಾಗೆಯೇ. ಹೊರರೋಗಿಗಳ ಸಾಧಾರಣ ತಪಾಸಣೆ, ಮುಂದಕ್ಕೆ ಹಾಕಬಹುದಾದ ಶಸ್ತ್ರಚಿಕಿತ್ಸೆ, ಕಡತಗಳ ಕೆಲಸ ಇವು ಒಂದು ದಿನ ನಿಂತರೆ ಯಾರ ಪ್ರಾಣಕ್ಕೂ ಎರವಿಲ್ಲ. ಪಟ್ಟಿಯಲ್ಲಿಲ್ಲದವರು ಬರದಿದ್ದರೆ ಅವರ ರಜೆಯನ್ನು ಕಳೆಯಬಾರದು. ಪಟ್ಟಿಯಲ್ಲಿರುವವರನ್ನು ಕರೆತರುವ, ಇರಿಸಿಕೊಳ್ಳುವ ಭಾರವನ್ನು ಸಂಸ್ಥೆ ಹೊರಬೇಕು: ಹಿಂದಿನ ಸಂಜೆಯೇ ವಾಹನ ಕಳುಹಿಸಿ, ಬೀಗವಿರುವ ಕೋಣೆ, ಒಣಗಿದ ಹಾಸಿಗೆ, ಬಿಸಿಯೂಟ ಇವನ್ನು ಒದಗಿಸಿ, ಹನ್ನೆರಡು ಗಂಟೆ ದುಡಿದವರಿಗೆ ಎಂಟು ಗಂಟೆಯ ವಿಶ್ರಾಂತಿಯನ್ನು ಕೊಡಬೇಕು, ಬಿಡಿಸುವವರು ಬರದೆ ನಿಂತವರ ಹೆಚ್ಚುವರಿ ಗಂಟೆಗಳನ್ನು ಬರೆದಿಟ್ಟು ಪರಿಹಾರ ರಜೆಯಾಗಿ ಸಲ್ಲಿಸಬೇಕು. ಔಷಧದ ಪ್ರಮಾಣವನ್ನು ಮಿಲಿಗ್ರಾಮಿನ ಲೆಕ್ಕದಲ್ಲಿ ಅಳೆಯುವ ಕೈ ಹದಿನೆಂಟನೆಯ ಗಂಟೆಯಲ್ಲಿ ನಡುಗುವುದೆಂಬುದನ್ನು, ಆ ನಡುಕವನ್ನು ಸ್ವತಃ ಕಂಡವಳಾಗಿ, ಹೇಳುತ್ತಿದ್ದೇನೆ.

ರಸ್ತೆ ಮುಚ್ಚಿದ್ದರಿಂದ ಬರಲಾಗದವರಿಗೆ ವಿಶೇಷ ಸಾಂದರ್ಭಿಕ ರಜೆಯನ್ನು ಮಂಜೂರು ಮಾಡಬೇಕು. ರಸ್ತೆ ಮುಚ್ಚಿದ ಬಗ್ಗೆ ಜಿಲ್ಲಾಡಳಿತದ ಪ್ರಕಟಣೆಯೇ ಸಾಕ್ಷಿಯಾಗಲಿ. ಪಂಚಾಯಿತಿಯ ಪತ್ರ ತಾ, ತಹಶೀಲ್ದಾರರ ರುಜು ತಾ ಎಂದು ಅಲೆಸಬಾರದು. ತಡವಾಗಿ ಬಂದವರನ್ನು, ಬಂದರೆಂಬ ಕಾರಣಕ್ಕೆ ಬಾರದವರಿಗಿಂತ ಹೀನಸ್ಥಿತಿಗೆ ತಳ್ಳಬಾರದು; ಆ ದಿನಗಳ ಮಟ್ಟಿಗೆ ಬೆರಳಚ್ಚಿನ ಯಂತ್ರದ ಬದಲು ಹಾಜರಿ ಪುಸ್ತಕದ ರುಜುವೇ ಸಾಕೆಂದು ವಿಧಿಸಬೇಕು.

ಗುತ್ತಿಗೆ ಹಾಗೂ ಹೊರಗುತ್ತಿಗೆಯ ನೌಕರರು, ಗಂಟೆಯ ಲೆಕ್ಕದಲ್ಲಿ ಸಂಭಾವನೆ ಪಡೆಯುವ ಅತಿಥಿ ಉಪನ್ಯಾಸಕರು ಇವರಿಗೆ ಮೇಲಿನ ಯಾವ ರಜೆಯೂ ದಕ್ಕದಾದ್ದರಿಂದ, ರೆಡ್ ಅಲರ್ಟಿನ ದಿನದ ವೇತನವನ್ನು ಕಡಿತಗೊಳಿಸಕೂಡದೆಂಬ ಷರತ್ತನ್ನು ಟೆಂಡರಿನ ಕರಾರಿನಲ್ಲಿಯೇ ಸೇರಿಸಬೇಕೆಂದು ಬೇಡುತ್ತೇವೆ. ಇವರನ್ನು ಬಿಟ್ಟು ಉಳಿದವರಿಗಷ್ಟೇ ದೊರೆಯುವ ಸೌಲಭ್ಯವನ್ನು, ಕಾಯಂ ನೌಕರರಾದ ನಾವು ಸಂತೋಷದಿಂದ ಸ್ವೀಕರಿಸಲಾರೆವು. ಕರೆಗೆ ಓಗೊಟ್ಟು ಬರುವಾಗ ದಾರಿಯಲ್ಲಿ ಅಪಾಯಕ್ಕೀಡಾದವರನ್ನು ಕರ್ತವ್ಯದಲ್ಲಿದ್ದಾಗಲೇ ಅಪಾಯಕ್ಕೀಡಾದವರೆಂದು ಪರಿಗಣಿಸಬೇಕು. ಇದು ಕಾಯಂ, ಗುತ್ತಿಗೆ ಎಂಬ ಭೇದವಿಲ್ಲದೆ ಎಲ್ಲರಿಗೂ ಅನ್ವಯವಾಗತಕ್ಕದ್ದು. ನಮ್ಮ ಕಡೆಯಿಂದ, ಅಂಥ ದಿನಗಳಲ್ಲಿ ನಿಂತ ತರಗತಿಗಳನ್ನು ಮುಂದೆ ತೆಗೆದುಕೊಳ್ಳಲು ನಾವು ಸಿದ್ಧರು.

ರಾಜ್ಯದ ಪ್ರತಿಯೊಂದು ಇಲಾಖೆಯೂ ತನ್ನ ವಿಪತ್ತು ನಿರ್ವಹಣಾ ಯೋಜನೆಯನ್ನು ಸಿದ್ಧಪಡಿಸಬೇಕೆಂದು ಮೇಲ್ಕಂಡ ಅಧಿನಿಯಮದ 40ನೆಯ ಪ್ರಕರಣ ವಿಧಿಸಿದೆ. ವೈದ್ಯಕೀಯ ಶಿಕ್ಷಣ ಮತ್ತು ಉನ್ನತ ಶಿಕ್ಷಣ ಇಲಾಖೆಗಳ ಯೋಜನೆಗಳಲ್ಲಿ ಸಿಬ್ಬಂದಿಯನ್ನು ಕುರಿತ ಅಧ್ಯಾಯವೊಂದು ಸೇರಲಿ. ಅದನ್ನು ಬರೆಯುವಾಗ ವಾರ್ಡಿನಲ್ಲಿ ರಾತ್ರಿ ಕಳೆದವರನ್ನೂ ಘಾಟಿಯ ಕೆಳಗಿನ ಊರುಗಳಿಂದ ಬರುವವರನ್ನೂ ಕೂರಿಸಿಕೊಂಡು ಕೇಳಲಿ.

ಮುಂಗಾರು ಸಾಮಾನ್ಯವಾಗಿ ಜೂನಿನ ಮೊದಲ ವಾರದಲ್ಲಿ ನಮ್ಮ ಕರಾವಳಿಯನ್ನು ಮುಟ್ಟುತ್ತದೆ. ಅದಕ್ಕೆ ಮುಂಚಿನ ಯಾವುದಾದರೊಂದು ದಿನವನ್ನು ಗೊತ್ತುಮಾಡಿ ಕರೆದರೆ, ಕಳೆದ ಮಳೆಗಾಲದ ಹಾಜರಿ ಪುಸ್ತಕಗಳ ಪ್ರತಿಗಳೊಡನೆ ನಮ್ಮಲ್ಲಿ ಐವರು ಬೆಂಗಳೂರಿಗೆ ಬರುತ್ತೇವೆ. ಐವರಲ್ಲಿ ಒಬ್ಬರು ಆ ಕಾಲುಸಂಕದ ಊರಿನವರು. ಅವರ ಆ ದಿನದ ಕೂಲಿಯನ್ನು ನಾವು ಉಳಿದವರು ಸೇರಿ ಕೊಡುವುದೆಂದು ಒಪ್ಪಿಕೊಂಡಿದ್ದೇವೆ.

ಇಂತು ತಮ್ಮ ವಿಧೇಯರು,
ಮಲೆನಾಡು ಮತ್ತು ಕರಾವಳಿ ಜಿಲ್ಲೆಗಳ ಬೋಧನಾಸ್ಪತ್ರೆ ಹಾಗೂ ವಿಶ್ವವಿದ್ಯಾಲಯಗಳ ನೌಕರರ ಪರವಾಗಿ