ಸಂಚಕಾರದ ಹಣ

‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಹುಟ್ಟಿದ ಕಾಲಕ್ಕೆ ಮೋಟಾರು ಕಾರು ಇರಲಿಲ್ಲ. ಆದರೂ ಕಾರಿಗೆಂದು ಮುಂಗಡ ಕಟ್ಟಿ, ಇತ್ತ ಕಾರೂ ಬಾರದೆ ಅತ್ತ ಹಣವೂ ಮರಳದೆ ಅಲೆದವರಿಗೆ, ಆ ಮಾತು ತಮ್ಮನ್ನು ಕುರಿತೇ ಹುಟ್ಟಿದ್ದೆಂದು ತೋರಿದರೆ ಆಶ್ಚರ್ಯವಿಲ್ಲ.

ಹಾಸನದ ನಿವೃತ್ತ ಉಪಾಧ್ಯಾಯರೊಬ್ಬರ ಸಂಗತಿಯನ್ನೇ ನೋಡಬಹುದು. ಮೂವತ್ತು ವರ್ಷ ಗಣಿತ ಕಲಿಸಿದವರು. ಅವರ ಪತ್ನಿಗೆ ಮಂಡಿನೋವು. ತಿಂಗಳಿಗೆ ಎರಡು ಸಲ ಮೈಸೂರಿನ ಆಸ್ಪತ್ರೆಗೆ ಹೋಗಿಬರಬೇಕು. ಬಸ್ಸಿನ ಮೆಟ್ಟಿಲು ಹತ್ತುವುದು ಆಕೆಯಿಂದಾಗದು. ಒಂದು ಸಣ್ಣ ಕಾರು ಕೊಳ್ಳೋಣವೆಂದು ಮೇಷ್ಟ್ರು ಕಾರಿನ ಮಳಿಗೆಗೆ ಹೋದಾಗ ಎದುರಾದ ಮಾರಾಟಗಾರ ಅವರ ಹಳೆಯ ಶಿಷ್ಯ. ಕಾಲು ಮುಟ್ಟಿ ನಮಸ್ಕರಿಸಿ, “ದಸರಾಕ್ಕೆ ಮುಂಚೆ ಮನೆ ಬಾಗಿಲಿಗೆ ಕಾರು ತಂದು ನಿಲ್ಲಿಸುವ ಭಾರ ನನ್ನದು, ಸಾರ್” ಎಂದ. ಆ ಮಾತನ್ನು ಬುಕಿಂಗ್ ಫಾರಂನಲ್ಲಿ ಕೈಯಾರೆ ಬರೆದೂ ಕೊಟ್ಟ. ಮೇಷ್ಟ್ರು 25,000 ರೂಪಾಯಿ ಕಟ್ಟಿ ರಸೀದಿ ಪಡೆದರು. ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರಿ ಎಂದು ಮಕ್ಕಳಿಗೆ ಜನ್ಮವಿಡೀ ಹೇಳಿದವರು, ಶಿಷ್ಯನ ಮುಂದೆ ಕನ್ನಡಕ ತೆಗೆದು ಫಾರಂನ ಹಿಂಬದಿ ಓದುವುದು ಸರಿಯಲ್ಲವೆಂದು ಸುಮ್ಮನೆ ಸಹಿ ಹಾಕಿದರು. ದಾಕ್ಷಿಣ್ಯದ ಮೊದಲ ಬೆಲೆ ಅದು.

ದಸರಾ ಕಳೆಯಿತು, ದೀಪಾವಳಿಯೂ ಕಳೆಯಿತು. ಕೇಳಿದ ಬಣ್ಣ ಬಂದಿಲ್ಲವೆಂದರು. ಬಣ್ಣ ಯಾವುದಾದರೂ ಆದೀತೆಂದರೆ, ಬೆಲೆ ಏರಿದೆ, ಹೊಸ ಬೆಲೆಯನ್ನೇ ಕೊಡಬೇಕೆಂದರು. ಅಷ್ಟರಲ್ಲಿ ವೈದ್ಯರು ಮಂಡಿಗೆ ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ದಿನ ಗೊತ್ತುಮಾಡಿದರು. ಈಗ ಕಾರಿಗಿಂತ ಹಣ ಮುಖ್ಯವಾಯಿತು. ಮೇಷ್ಟ್ರು ಮುಂಗಡವನ್ನು ಹಿಂದಕ್ಕೆ ಕೇಳಿದರು.

ಅಲ್ಲಿಂದ ಮುಂದೆ ನಡೆದದ್ದು, ಇಂಥ ಮಳಿಗೆಗೆ ಅಲೆದ ಯಾರಿಗೂ ಹೊಸತಲ್ಲ. ಒಂದು ವಾರ ಮ್ಯಾನೇಜರು ಊರಿನಲ್ಲಿಲ್ಲ. ಮರುವಾರ ಹಣ ಕಂಪನಿಗೆ ಹೋಗಿಬಿಟ್ಟಿದೆ. ಇನ್ನೊಂದು ವಾರ ಅದಕ್ಕೆ ತೆರಿಗೆ ಕಟ್ಟಿಯಾಗಿದೆ. ಕೊನೆಗೆ ಲೆಕ್ಕದ ಗುಮಾಸ್ತರು ರಸೀದಿಯ ಮೂಲೆಯಲ್ಲಿದ್ದ ರಬ್ಬರ್ ಮೊಹರನ್ನು ತೋರಿಸಿದರು: ‘ಮುಂಗಡವನ್ನು ಹಿಂದಿರುಗಿಸಲಾಗುವುದಿಲ್ಲ.’ ಶಿಷ್ಯನು ತಲೆ ತಗ್ಗಿಸಿ ಕಾರೊಂದರ ಗಾಜು ಒರೆಸುತ್ತ ನಿಂತಿದ್ದ.

ಕನ್ನಡದಲ್ಲಿ ‘ಸಂಚಕಾರ’ ಎಂಬ ಮಾತಿಗೆ ಎರಡು ಅರ್ಥ. ವ್ಯಾಪಾರ ಕುದುರಿತೆಂಬುದರ ಗುರುತಾಗಿ ಕೊಡುವ ಹಣ ಒಂದು, ಅಪಾಯ ಮತ್ತೊಂದು. ಕೊಳ್ಳುವವನು ತಾನಾಗಿ ಮಾತು ತಪ್ಪಿದರೆ ಸಂಚಕಾರದ ಹಣ ಕೈಬಿಡುವ ಸಂಭವವುಂಟು. ಆದರೆ ಮೊದಲೇ ಕೊಟ್ಟ ಹಣವೆಲ್ಲ ಸಂಚಕಾರವಲ್ಲ. ಬೆಲೆಯಲ್ಲಿ ಒಂದಂಶವನ್ನು ಮುಂಚಿತವಾಗಿ ಕೊಟ್ಟರೆ ಅದು ಬರಿಯ ಮುಂಗಡ. ವ್ಯಾಪಾರ ಮುರಿದರೆ ಮರಳಬೇಕಾದ ಹಣ. ಯಾವುದು ಯಾವುದೆಂಬುದನ್ನು ನಿರ್ಧರಿಸುವುದು ಮೊಹರಲ್ಲ, ಉಭಯರೂ ಒಪ್ಪಿದ ಕರಾರು.

1969ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಎರಡು ಮೊಕದ್ದಮೆಗಳು ಈ ಭೇದವನ್ನು ಚೆನ್ನಾಗಿ ತೋರಿಸುತ್ತವೆ. ಒಂದರಲ್ಲಿ ಹನುಮಾನ್ ಕಾಟನ್ ಮಿಲ್ಸ್‌ನವರು ಹಳೆಯ ವಿಮಾನಗಳ ಗುಜರಿಯನ್ನು 10 ಲಕ್ಷ ರೂಪಾಯಿಗೆ ಕೊಳ್ಳಲೊಪ್ಪಿ, ಅದರ ನಾಲ್ಕನೆಯ ಒಂದಂಶವನ್ನು ಮೊದಲೇ ಕಟ್ಟಿದ್ದರು. ಬಾಕಿ ಕೊಡದಿದ್ದರೆ ಆ ಹಣ ಹೋಗುವುದೆಂದು ಕರಾರಿನಲ್ಲಿ ಸ್ಪಷ್ಟವಾಗಿತ್ತು. ಅವರು ಬಾಕಿ ಕೊಡಲಿಲ್ಲ, ಹಣ ಹೋಯಿತು. ಇನ್ನೊಂದು, ಮೌಲಾ ಬಕ್ಷ್ ಎಂಬ ಗುತ್ತಿಗೆದಾರನದು. ಸೈನ್ಯಕ್ಕೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಒದಗಿಸುತ್ತೇನೆಂದು ಒಟ್ಟು 18,500 ರೂಪಾಯಿ ಠೇವಣಿ ಇಟ್ಟು, ಸರಿಯಾಗಿ ಒದಗಿಸದೆ ಹೋದ. ಸರ್ಕಾರ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಆದರೆ ಅದು ಸಂಚಕಾರದ ಹಣವಲ್ಲವೆಂದೂ, ಆದ ನಷ್ಟವನ್ನು ಸರ್ಕಾರ ರುಜುವಾತುಪಡಿಸಲಿಲ್ಲವೆಂದೂ ನ್ಯಾಯಾಲಯವು ಹೇಳಿ, ಹಣವನ್ನು ಗುತ್ತಿಗೆದಾರನಿಗೆ ಕೊಡಿಸಿತು. ಮಾತು ತಪ್ಪಿದವನಿಗೇ ಹಣ ಮರಳಿದ ಮೇಲೆ, ಮಾತಿಗೆ ಕಾದು ಕುಳಿತವನ ಹಕ್ಕು ಎಷ್ಟು ಬಲವಾದದ್ದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇದರ ಬೇರು 1872ರ ಕರಾರು ಕಾಯಿದೆಯಲ್ಲಿದೆ. ಆ ಕಾಯಿದೆಯ 74ನೆಯ ಪ್ರಕರಣದಂತೆ, ಕರಾರಿನಲ್ಲಿ ದಂಡದ ಮೊತ್ತ ಎಷ್ಟೇ ಬರೆದಿರಲಿ, ನ್ಯಾಯಾಲಯವು ಅದರ ಮಿತಿಯೊಳಗೆ ಯುಕ್ತವಾದ ಪರಿಹಾರವನ್ನು ಮಾತ್ರ ಕೊಡಿಸುತ್ತದೆ. 55ನೆಯ ಪ್ರಕರಣದಂತೆ, ಗೊತ್ತಾದ ಕಾಲವೇ ಕರಾರಿನ ಜೀವಾಳವಾಗಿದ್ದು, ಆ ಕಾಲಕ್ಕೆ ಮಾರುವವನು ವಸ್ತು ಕೊಡದಿದ್ದರೆ, ಕೊಳ್ಳುವವನು ಕರಾರನ್ನು ಮುರಿಯಬಹುದು. ಪಡೆದ ಹಣವನ್ನು ಮಾರುವವನು ಇಟ್ಟುಕೊಳ್ಳುವಂತಿಲ್ಲ. ಇನ್ನು ತೆರಿಗೆಯ ನೆಪ. ಸರಕಿಗಾಗಿ ಪಡೆದ ಮುಂಗಡದ ಮೇಲೆ ಆಗಲೇ ಜಿಎಸ್‌ಟಿ ಕಟ್ಟಬೇಕೆಂಬ ನಿಯಮವು 2017ರ ನವೆಂಬರಿನಲ್ಲೇ ಹೋಯಿತು.

ಹಕ್ಕು ಇದ್ದ ಮಾತ್ರಕ್ಕೆ ಹಣ ನಡೆದು ಬರುವುದಿಲ್ಲ, ಕೇಳುವ ಕ್ರಮವೊಂದುಂಟು. ಬುಕಿಂಗ್ ರದ್ದುಮಾಡಿರುವುದಾಗಿ ಮೊದಲು ಕಾಗದದಲ್ಲಿ ತಿಳಿಸಬೇಕು. ಕಟ್ಟಿದ ಹಣ, ತಾರೀಖು, ರಸೀದಿಯ ನಂಬರು, ಕಾರು ಕೊಡುವುದಾಗಿ ಒಪ್ಪಿದ ದಿನ, ಹಣ ಮರಳಿಸಲು ಹದಿನೈದು ದಿನದ ಗಡುವು, ಬ್ಯಾಂಕ್ ಖಾತೆಯ ವಿವರ, ಇಷ್ಟಿದ್ದರೆ ಸಾಕು, ಬೈಗುಳ ಬೇಡ. ಅದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಒಂದು ಪ್ರತಿಯನ್ನು ಕಾರು ತಯಾರಿಸುವ ಕಂಪನಿಗೂ ಮುಟ್ಟಿಸಬೇಕು. ಹಣವನ್ನು ಸಾಲದಿಂದ ಕೊಡುವ ಏರ್ಪಾಡಾಗಿದ್ದರೆ ಬ್ಯಾಂಕಿಗೂ ತಿಳಿಸಬೇಕು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಮಳಿಗೆ ಯಾವ ಊರಿನಲ್ಲಿದ್ದರೂ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂಬ ಕಟ್ಟೂ ಇಲ್ಲ. ಆದರೆ ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಬೇಕು. “ನಾಳೆ ಬನ್ನಿ” ಎಂಬ ಮಾತನ್ನು ನಂಬಿ ಕೂತವರು ಮರೆಯಬಾರದ ಗಡುವು ಇದು.

ಹಾಸನದ ಮೇಷ್ಟ್ರಿಗೆ ಇದಾವುದೂ ಮೊದಲು ತಿಳಿದಿರಲಿಲ್ಲ. ಒಂದು ಸಂಜೆ ಶಿಷ್ಯನೇ ಮನೆಗೆ ಬಂದ. ಒಳಗೆ ಬಾರದೆ ಜಗಲಿಯಲ್ಲೇ ನಿಂತು, “ಸಾರ್, ನೀವು ಬಾಯಲ್ಲಿ ಕೇಳಿದ್ದು ನನ್ನ ಹತ್ತಿರವೇ ನಿಂತುಹೋಗುತ್ತೆ. ಕಾಗದದಲ್ಲಿ ಬರೆದು ಕೊಡಿ, ಅದು ಮೇಲಕ್ಕೆ ಹೋಗುತ್ತೆ. ಫಾರಂನ ಹಿಂದುಗಡೆ ಒಂದು ಸಲ ಓದಿ” ಎಂದು ಹೇಳಿ ಹೊರಟುಹೋದ.

ಮೇಷ್ಟ್ರು ಭೂತಗನ್ನಡಿ ಹಿಡಿದು ಓದಿದರು. ಗ್ರಾಹಕನು ಬುಕಿಂಗ್ ರದ್ದುಮಾಡಿದರೆ 1,000 ರೂಪಾಯಿ ಮುರಿದುಕೊಂಡು ಉಳಿದದ್ದನ್ನು ಹಿಂದಿರುಗಿಸಲಾಗುವುದೆಂದು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು! ಸಹಿ ಬಿದ್ದದ್ದು ಆ ಮಾತಿನ ಕೆಳಗೆ. ಮೊಹರು ಬಿದ್ದದ್ದು ಹಣ ಕಟ್ಟಿದ ಮೇಲೆ. ಅಂದು ರಾತ್ರಿಯೇ ಕಾಗದ ಬರೆದರು. ಹನ್ನೆರಡನೆಯ ದಿನ 24,000 ರೂಪಾಯಿ ಖಾತೆಗೆ ಬಂತು. ಶಸ್ತ್ರಚಿಕಿತ್ಸೆಗೆ ಇನ್ನೂ ಐದು ದಿನವಿತ್ತು.

ದಸರಾಕ್ಕೆ ಕಾರು ಕೊಡದೆ ತಪ್ಪಿದವರು ಅವರೇ ಆದ್ದರಿಂದ ಉಳಿದ ಸಾವಿರವನ್ನೂ ಕೇಳಬಹುದೆಂದು ಪರಿಚಯದ ವಕೀಲರು ಹೇಳಿದರು. ಮೇಷ್ಟ್ರು ಕೇಳಹೋಗಲಿಲ್ಲ. ಕೇಳಿದರೆ ಕಾಗದ ಮೊದಲು ಹೋಗುವುದು ಶಿಷ್ಯನ ಮೇಜಿಗೆ. “ಪ್ರಶ್ನೆ ಓದದೆ ಉತ್ತರ ಬರೆದ ಹುಡುಗರಿಗೆ ನಾನು ಎಷ್ಟೋ ಸಲ ಅಂಕ ಕಳೆದಿದ್ದೇನೆ, ಇದು ನನ್ನದು” ಎಂದರಂತೆ.

ಎಲ್ಲರಿಗೂ ಅಂಥ ಶಿಷ್ಯ ಸಿಗುವುದಿಲ್ಲ. ಆದಕಾರಣ ಸಹಿ ಹಾಕುವ ಮುನ್ನವೇ ಹಾಳೆಯನ್ನು ತಿರುವಿ ನೋಡುವುದು ಕ್ಷೇಮ.