ಸುದ್ದಿಯ ಸತ್ಯಾಸತ್ಯ ಮತ್ತು ಕಂಪ್ಯೂಟರ್ ಬಲ್ಲ ಮಕ್ಕಳು

2022ರ ಜನವರಿ 1ರಂದು ದೇಶ ಹೊಸ ವರ್ಷದ ಸಡಗರದಲ್ಲಿದ್ದಾಗ ಹಲವಾರು ಮುಸ್ಲಿಮ್ ಮಹಿಳೆಯರು ತಮ್ಮ ಭಾವಚಿತ್ರಗಳನ್ನು ಒಂದು ಆ್ಯಪ್‌ನಲ್ಲಿ ‘ಹರಾಜಿಗೆ’ ಇಟ್ಟಿರುವುದನ್ನು ಕಾಣಬೇಕಾಯಿತು. ಆ ಆ್ಯಪ್‌ನ ಹೆಸರು ‘ಬುಲ್ಲಿ ಬಾಯಿ’. ಅದಕ್ಕಿಂತ ಆರು ತಿಂಗಳು ಹಿಂದೆ, 2021ರ ಜುಲೈಯಲ್ಲಿ, ‘ಸುಲ್ಲಿ ಡೀಲ್ಸ್’ ಎಂಬ ಹೆಸರಿನಲ್ಲಿ ಇದೇ ಹೀನ ಕೃತ್ಯ ನಡೆದಿತ್ತು. ಪತ್ರಕರ್ತೆಯರು, ಸಾಮಾಜಿಕ ಕಾರ್ಯಕರ್ತೆಯರು, ವಿದ್ಯಾರ್ಥಿನಿಯರು ಹೀಗೆ ಸಾರ್ವಜನಿಕವಾಗಿ ಮಾತಾಡುವ ಧೈರ್ಯ ತೋರಿದ ಹೆಣ್ಮಕ್ಕಳೇ ಅದರ ಗುರಿಯಾಗಿದ್ದರು. ಅಲ್ಲಿ ನಿಜವಾದ ಹರಾಜೇನೂ ನಡೆಯುತ್ತಿರಲಿಲ್ಲ. ಅವಮಾನಿಸುವುದು ಮತ್ತು ಬಾಯಿ ಮುಚ್ಚಿಸುವುದು ಮಾತ್ರ ಅದರ ಉದ್ದೇಶವಾಗಿತ್ತು.

ಈ ಪ್ರಕರಣದಲ್ಲಿ ಪೊಲೀಸರು ಬಂಧಿಸಿದ ಆರೋಪಿಗಳು ಯಾರೆಂಬುದು ಕೃತ್ಯದಷ್ಟೇ ಆಘಾತಕಾರಿಯಾಗಿತ್ತು. ಮುಂಬೈ ಪೊಲೀಸರು ಮೊದಲು ಬಂಧಿಸಿದ್ದು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಲಿಯುತ್ತಿದ್ದ 21ರ ಹರೆಯದ ವಿದ್ಯಾರ್ಥಿಯನ್ನು. ಆ್ಯಪ್‌ನ ರೂವಾರಿಯೆಂದು ದೆಹಲಿ ಪೊಲೀಸರು ಹೇಳಿದ್ದು ಅಸ್ಸಾಮಿನ ಇನ್ನೋರ್ವ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು. ಇವರಾರೂ ಬೀದಿಯ ಗೂಂಡಾಗಳಲ್ಲ. ಹೆತ್ತವರು ‘ನಮ್ಮ ಮಗ ಕಂಪ್ಯೂಟರ್‌ನಲ್ಲಿ ಬಹಳ ಚುರುಕು’ ಎಂದು ನಾಲ್ಕು ಜನರ ಮುಂದೆ ಅಭಿಮಾನದಿಂದ ಹೇಳಿಕೊಳ್ಳುವಂತಹ ಮಕ್ಕಳು. ಸಾಫ್ಟ್‌ವೇರ್ ಬರೆಯುವ ಸಾಮರ್ಥ್ಯಕ್ಕೂ ಸಭ್ಯತೆಗೂ ಯಾವ ಸಂಬಂಧವೂ ಇಲ್ಲ ಎಂಬ ಕಹಿ ಸತ್ಯವನ್ನು ಈ ಘಟನೆ ದೇಶದ ಮುಂದಿಟ್ಟಿತು. ಕಂಪ್ಯೂಟರ್ ಜ್ಞಾನವೆಂಬುದು ಒಂದು ಆಯುಧ. ಅದು ಯಾರ ಕೈಯಲ್ಲಿದೆ, ಆ ಕೈಯನ್ನು ನಡೆಸುವ ಹೃದಯದಲ್ಲಿ ಏನಿದೆ ಎಂಬುದೇ ಮುಖ್ಯ.

ಇದೇ ದೇಶದಲ್ಲಿ, ಇದೇ ವಿದ್ಯೆಯನ್ನು ಕಲಿತ ಬೇರೆ ಯುವಕರೂ ಇದ್ದಾರೆ. ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದ ಪ್ರತೀಕ್ ಸಿನ್ಹಾ ಅವರು 2017ರಲ್ಲಿ ‘ಆಲ್ಟ್ ನ್ಯೂಸ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿದ್ದ ಮುಹಮ್ಮದ್ ಝುಬೈರ್ ಅವರ ಜೊತೆಗೂಡಿದರು. ಇಬ್ಬರೂ ಪತ್ರಿಕೋದ್ಯಮದ ತರಬೇತಿ ಪಡೆದು ಬಂದವರಲ್ಲ. ತಮಗೆ ಗೊತ್ತಿದ್ದ ತಾಂತ್ರಿಕ ವಿದ್ಯೆಯನ್ನು ಅವರು ಸುದ್ದಿಯ ಸತ್ಯಾಸತ್ಯತೆಯನ್ನು ಪರಿಶೀಲಿಸುವುದಕ್ಕೆ ಬಳಸಿದರು. ಅದಕ್ಕಾಗಿ ಬೆಲೆಯನ್ನೂ ತೆತ್ತರು. 2022ರ ಜೂನ್ 27ರಂದು ದೆಹಲಿ ಪೊಲೀಸರು ಝುಬೈರ್ ಅವರನ್ನು 2018ರ ಒಂದು ಟ್ವೀಟ್‌ಗಾಗಿ ಬಂಧಿಸಿದರು. ಬೆನ್ನಿಗೇ ಉತ್ತರ ಪ್ರದೇಶದ ಪ್ರಕರಣಗಳೂ ಸುತ್ತಿಕೊಂಡವು. ಜುಲೈ 20ರಂದು ಸುಪ್ರೀಮ್ ಕೋರ್ಟ್ ಅವರಿಗೆ ಜಾಮೀನು ನೀಡಿತಲ್ಲದೆ, ಟ್ವೀಟ್ ಮಾಡದಂತೆ ಅವರನ್ನು ತಡೆಯಬೇಕೆಂಬ ಉತ್ತರ ಪ್ರದೇಶ ಸರಕಾರದ ಬೇಡಿಕೆಯನ್ನೂ ತಿರಸ್ಕರಿಸಿತು.

ಇಂತಹವರ ಕೆಲಸದ ಮಹತ್ವವೇನೆಂಬುದು ಸಮುದಾಯಕ್ಕೆ ಮನವರಿಕೆಯಾದದ್ದು 2020ರಲ್ಲಿ. ಕೊರೊನಾ ಸೋಂಕು ದೇಶವನ್ನು ಕಂಗೆಡಿಸಿದ್ದಾಗ ನಿಝಾಮುದ್ದೀನ್ ಮರ್ಕಝ್‌ನ ತಬ್ಲೀಗ್ ಸಮಾವೇಶವನ್ನು ನೆಪವಾಗಿಟ್ಟುಕೊಂಡು ಇಡೀ ಸಮುದಾಯವನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸಲಾಯಿತು. ಬೋಹ್ರಾ ಮುಸ್ಲಿಮರು ಅನ್ನದ ಒಂದು ಅಗುಳೂ ವ್ಯರ್ಥವಾಗಬಾರದೆಂದು ತಟ್ಟೆಯನ್ನು ಶುಚಿಗೊಳಿಸುವ ಹಳೆಯ ವೀಡಿಯೋವೊಂದು ‘ಎಂಜಲು ಹಚ್ಚಿ ಸೋಂಕು ಹರಡುತ್ತಿದ್ದಾರೆ’ ಎಂಬ ಶೀರ್ಷಿಕೆಯೊಂದಿಗೆ ಮೊಬೈಲ್‌ನಿಂದ ಮೊಬೈಲ್‌ಗೆ ಹಾರಿತು. ಸೂಫಿಗಳು ಉಸಿರನ್ನು ಎಳೆದು ಬಿಡುತ್ತಾ ಝಿಕ್ರ್ ಮಾಡುವ ದೃಶ್ಯವು ‘ಸಾಮೂಹಿಕವಾಗಿ ಸೀನುವ’ ದೃಶ್ಯವಾಯಿತು. ಪರಿಶೀಲಕರು ಈ ವೀಡಿಯೋಗಳ ಮೂಲವನ್ನು ಹುಡುಕಿ ಸತ್ಯವನ್ನು ಮುಂದಿಡುವ ಹೊತ್ತಿಗೆ ತಳ್ಳುಗಾಡಿಯಲ್ಲಿ ಹಣ್ಣು-ತರಕಾರಿ ಮಾರುವ ಬಡ ಮುಸ್ಲಿಮ್ ವ್ಯಾಪಾರಿಗಳನ್ನು ಬೀದಿಯೊಳಗೆ ಬಿಡದ ಫಲಕಗಳು ಹಲವೆಡೆ ಎದ್ದು ನಿಂತಿದ್ದವು.

ಮೊಬೈಲ್‌ನ ಸುಳ್ಳನ್ನು ಟಿ.ವಿ. ಚಾನೆಲ್‌ಗಳು ತಡೆಯಬೇಕಿತ್ತು. ಆದರೆ ಕೆಲವು ಚಾನೆಲ್‌ಗಳು ಆ ಉರಿಗೆ ತುಪ್ಪ ಸುರಿದವು. 2021ರ ಜೂನ್‌ನಲ್ಲಿ ಸುದ್ದಿವಾಹಿನಿಗಳದ್ದೇ ನಿಯಂತ್ರಣ ಪ್ರಾಧಿಕಾರವು ತಬ್ಲೀಗ್ ಕುರಿತ ಪ್ರಸಾರಗಳಿಗಾಗಿ ನ್ಯೂಸ್ 18 ಕನ್ನಡಕ್ಕೆ 1 ಲಕ್ಷ ರೂಪಾಯಿ ಮತ್ತು ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ವಿಧಿಸಿತು. ಟೈಮ್ಸ್ ನೌ ಚಾನೆಲನ್ನು ಖಂಡಿಸಿತು. ಅದಕ್ಕಿಂತ ಮೊದಲೇ, 2020ರ ಆಗಸ್ಟ್‌ನಲ್ಲಿ, ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗ್ ಸದಸ್ಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಮಾಧ್ಯಮಗಳು ನಡೆಸಿದ ಅಪಪ್ರಚಾರವನ್ನು ಕಟುವಾಗಿ ಟೀಕಿಸಿತ್ತು. 2025ರ ಜುಲೈಯಲ್ಲಿ ದೆಹಲಿ ಹೈಕೋರ್ಟ್ 70 ಮಂದಿ ಭಾರತೀಯರ ಮೇಲಿನ ಪ್ರಕರಣಗಳನ್ನೂ ರದ್ದುಪಡಿಸಿತು. ಸುಳ್ಳು ಹರಡಲು ಒಂದು ಸಂಜೆ ಸಾಕಾಯಿತು. ಅದರ ಕಲೆಯನ್ನು ತೊಳೆಯಲು ಐದು ವರ್ಷಗಳು ಬೇಕಾದವು. ಆ ಸಂಜೆಯ ಚರ್ಚೆಯನ್ನು ನೋಡಿದವರಲ್ಲಿ ಎಷ್ಟು ಮಂದಿ ಈ ತೀರ್ಪುಗಳನ್ನು ಓದಿಯಾರು?

ಹಾಗಾದರೆ ಈ ಸುಳ್ಳನ್ನು ತಡೆಯುವವರಾರು? ಸರಕಾರವೇ ಮಾಡಲಿ ಎಂದು ಕೆಲವರು ಹೇಳಬಹುದು. ಆದರೆ ಸರಕಾರದ ಕುರಿತಾದ ಸುದ್ದಿ ಸತ್ಯವೋ ಸುಳ್ಳೋ ಎಂದು ಸರಕಾರವೇ ತೀರ್ಮಾನಿಸುವುದು ಆರೋಪಿಯೇ ನ್ಯಾಯಾಧೀಶನಾದಂತೆ. ಕೇಂದ್ರ ಸರಕಾರವು 2023ರಲ್ಲಿ ಐಟಿ ನಿಯಮಗಳಿಗೆ ತಿದ್ದುಪಡಿ ತಂದು ಇಂತಹದ್ದೊಂದು ಸತ್ಯಶೋಧನಾ ಘಟಕಕ್ಕೆ ದಾರಿ ಮಾಡಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಆ ತಿದ್ದುಪಡಿಯನ್ನು ಅಸಾಂವಿಧಾನಿಕವೆಂದು ರದ್ದುಗೊಳಿಸಿತು. ಕಂಪೆನಿಗಳು ಮಾಡಲಿ ಎನ್ನೋಣವೇ? ಫೇಸ್‌ಬುಕ್‌ನ ಒಡೆತನವಿರುವ ಮೆಟಾ ಕಂಪೆನಿಯು ಸ್ವತಂತ್ರ ಸತ್ಯಶೋಧಕರ ನೆರವು ಪಡೆಯುವ ತನ್ನ ವ್ಯವಸ್ಥೆಯನ್ನು ಅಮೇರಿಕದಲ್ಲಿ ಕೈಬಿಡುವುದಾಗಿ 2025ರ ಜನವರಿಯಲ್ಲಿ ಘೋಷಿಸಿತು. ಲಾಭಕ್ಕಾಗಿ ನಡೆಯುವ ಕಂಪೆನಿಯಿಂದ ಸತ್ಯದ ಕಾವಲನ್ನು ನಿರೀಕ್ಷಿಸುವಂತಿಲ್ಲ. ಆದ್ದರಿಂದ ಈ ಹೊಣೆ ಕೊನೆಗೆ ಬಂದು ನಿಲ್ಲುವುದು ಮೊಬೈಲನ್ನು ಹಿಡಿದಿರುವ ಪ್ರತಿಯೊಬ್ಬರ ಮೇಲೆ.

ಇಲ್ಲಿ ಸಮುದಾಯವು ಆತ್ಮಾವಲೋಕನವನ್ನೂ ಮಾಡಿಕೊಳ್ಳಬೇಕಾಗಿದೆ. ಸುಳ್ಳು ಸುದ್ದಿಗೆ ನಾವು ಬಲಿಪಶುಗಳಾಗಿದ್ದೇವೆ ನಿಜ. ಆದರೆ ಅದನ್ನು ಹರಡುವುದರಲ್ಲಿ ನಮ್ಮವರ ಪಾಲು ಇಲ್ಲವೇ? 2012ರಲ್ಲಿ ಮ್ಯಾನ್ಮಾರ್‌ನ ರೊಹಿಂಗ್ಯಾ ಮುಸ್ಲಿಮರ ಮೇಲೆ ದೌರ್ಜನ್ಯ ನಡೆದುದು ಸತ್ಯ. ಆದರೆ ಅದರ ಹೆಸರಿನಲ್ಲಿ ಹಂಚಲಾದ ಚಿತ್ರಗಳಲ್ಲೊಂದು ಚೀನಾದ ಯುಶುವಿನಲ್ಲಿ 2010ರ ಭೂಕಂಪದಲ್ಲಿ ಮಡಿದವರ ಶವಗಳ ನಡುವೆ ನಿಂತ ಬೌದ್ಧ ಭಿಕ್ಷುಗಳದ್ದಾಗಿತ್ತು. ಅಂತ್ಯಸಂಸ್ಕಾರಕ್ಕೆ ನೆರವಾದವರನ್ನು ಕೊಲೆಗಡುಕರೆಂದು ಬಿಂಬಿಸಲಾಯಿತು. ಆ ಆಗಸ್ಟ್‌ನಲ್ಲಿ ಮುಂಬೈಯ ಆಝಾದ್ ಮೈದಾನದ ಪ್ರತಿಭಟನೆ ಹಿಂಸೆಗೆ ತಿರುಗಿ ಇಬ್ಬರು ಪ್ರಾಣ ಕಳಕೊಂಡರು. ಕೆಲವೇ ದಿನಗಳಲ್ಲಿ ಬೆಂಗಳೂರಿನಲ್ಲಿ ದುಡಿಯುತ್ತಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ-ಯುವತಿಯರು ದಾಳಿಯ ವದಂತಿಗೆ ಹೆದರಿ ಗುವಾಹಟಿಯ ರೈಲು ಹತ್ತಿದರು. ಎಸ್ಸೆಮ್ಮೆಸ್‌ಗಳ ಸಂಖ್ಯೆಯನ್ನು ಒಮ್ಮೆಗೆ ಐದಕ್ಕೆ ಮಿತಿಗೊಳಿಸಿ ಕೇಂದ್ರ ಸರಕಾರ ಆದೇಶ ಹೊರಡಿಸಬೇಕಾಯಿತು. ಪೀಡಿತರ ಪರವಾಗಿ ಹೇಳಿದ ಸುಳ್ಳು ಪೀಡಿತರಿಗೇ ಮಾಡುವ ದ್ರೋಹ. ಏಕೆಂದರೆ ಒಂದು ಚಿತ್ರ ಸುಳ್ಳೆಂದು ಸಾಬೀತಾದೊಡನೆ ನಿಜವಾದ ದೌರ್ಜನ್ಯದ ನೂರು ಸಾಕ್ಷ್ಯಗಳನ್ನೂ ಜನ ಸಂಶಯಿಸತೊಡಗುತ್ತಾರೆ.

ವದಂತಿಯು ಧರ್ಮವನ್ನು ನೋಡಿ ಕೊಲ್ಲುವುದಿಲ್ಲ ಎಂಬುದನ್ನೂ ಕರ್ನಾಟಕ ಕಂಡಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸಂದೇಶಗಳು ಎಲ್ಲೆಡೆ ಹರಡಿದವು. ಆಗ ಹಂಚಲಾದ ಒಂದು ವೀಡಿಯೋದಲ್ಲಿ ಬೈಕ್‌ನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವಿತ್ತು. ವಾಸ್ತವದಲ್ಲಿ ಅದು ಮಕ್ಕಳ ಸುರಕ್ಷತೆಯ ಬಗ್ಗೆ ಕರಾಚಿಯಲ್ಲಿ ತಯಾರಿಸಿದ ಜಾಗೃತಿ ಚಿತ್ರ. ಮಗುವನ್ನು ಮರಳಿ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನರು ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಮುಸ್ಲಿಮ್ ಇಂಜಿನಿಯರ್ ಗುಂಪಿಗೆ ಬಲಿಯಾದರು. ಅವರ ತಂಡ ಮಾಡಿದ್ದು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದು ಮಾತ್ರ. ಕಂಪ್ಯೂಟರ್ ವಿದ್ಯೆಯಿಂದಲೇ ಬದುಕು ಕಟ್ಟಿಕೊಂಡಿದ್ದ ವ್ಯಕ್ತಿಯನ್ನು ಒಂದು ಸುಳ್ಳು ಸಂದೇಶ ಕೊಂದಿತು.

ನಿಜವಾಗಿ, ಸುದ್ದಿಯನ್ನು ಪರೀಕ್ಷಿಸುವ ಶಿಸ್ತು ಮುಸ್ಲಿಮರಿಗೆ ಹೊಸದಾಗಬಾರದಿತ್ತು. ದುಷ್ಕರ್ಮಿಯೊಬ್ಬ ಸುದ್ದಿ ತಂದರೆ ಅದನ್ನು ಪರಿಶೀಲಿಸಬೇಕು, ಇಲ್ಲದಿದ್ದರೆ ಅರಿಯದೇ ಒಂದು ಜನತೆಗೆ ಹಾನಿಯುಂಟುಮಾಡಿ ಅನಂತರ ಪರಿತಪಿಸಬೇಕಾದೀತು ಎಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 6ನೇ ಸೂಕ್ತವು ಎಚ್ಚರಿಸುತ್ತದೆ. ಹಝ್ರತ್ ಆಇಶಾ(ರ)ರ ಮೇಲೆ ಕಪಟ ವಿಶ್ವಾಸಿಗಳು ಅಪವಾದ ಹೊರಿಸಿದಾಗ ಅದನ್ನು ನಾಲಗೆಯಿಂದ ನಾಲಗೆಗೆ ದಾಟಿಸಿದ ವಿಶ್ವಾಸಿಗಳನ್ನೂ ಅನ್ನೂರ್ ಅಧ್ಯಾಯವು ತೀಕ್ಷ್ಣವಾಗಿ ತರಾಟೆಗೆ ತೆಗೆದುಕೊಂಡಿತು. ಕೇಳಿದ ತಕ್ಷಣ ಇದು ಸ್ಪಷ್ಟ ಸುಳ್ಳೆಂದು ಅವರೇಕೆ ಹೇಳಲಿಲ್ಲ ಎಂಬುದು ಅಲ್ಲಿನ ಪ್ರಶ್ನೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವವನು ಸುಳ್ಳುಗಾರನಾಗಲು ಅಷ್ಟೇ ಸಾಕೆಂಬ ಅರ್ಥದ ಪ್ರವಾದಿ(ಸ) ವಚನವೂ ಇದೆ. ಹದೀಸ್ ವಿದ್ವಾಂಸರಂತೂ ಒಂದು ವಚನವನ್ನು ಸ್ವೀಕರಿಸುವ ಮುನ್ನ ಅದನ್ನು ಯಾರು ಯಾರಿಂದ ಕೇಳಿದರು, ಅವರಿಬ್ಬರೂ ಭೇಟಿಯಾಗಿದ್ದರೇ, ವರದಿ ಮಾಡಿದವನ ಸ್ಮರಣಶಕ್ತಿ ಮತ್ತು ಚಾರಿತ್ರ್ಯ ಎಂತಹದ್ದು ಎಂದು ವಿಚಾರಿಸುವ ಒಂದು ಶಾಸ್ತ್ರವನ್ನೇ ಕಟ್ಟಿದರು. ಅಂತಹ ಪರಂಪರೆಯ ವಾರಸುದಾರರು ಎಲ್ಲಿಂದಲೋ ಬಂದ, ಯಾರೋ ಕಳಿಸಿದ, ಹೆಸರಿಲ್ಲದ ವೀಡಿಯೋವನ್ನು ಹತ್ತು ಗ್ರೂಪ್‌ಗಳಿಗೆ ತಳ್ಳುವುದು ಸೋಜಿಗವಲ್ಲವೇ?

ಕಂಪ್ಯೂಟರ್‌ನಲ್ಲಿ ಆಸಕ್ತಿಯಿರುವ ನಮ್ಮ ಮಕ್ಕಳು ಇಲ್ಲಿ ದೊಡ್ಡ ಸೇವೆಯನ್ನು ಸಲ್ಲಿಸಬಲ್ಲರು. ಅದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಚಿತ್ರವನ್ನೇ ಕೊಟ್ಟು ಅದು ಹಿಂದೆ ಎಲ್ಲೆಲ್ಲಿ ಪ್ರಕಟವಾಗಿದೆಯೆಂದು ಹುಡುಕುವ ಸೌಲಭ್ಯ ಗೂಗಲ್‌ನಲ್ಲಿ ಉಚಿತವಾಗಿಯೇ ಇದೆ. ವೀಡಿಯೋವಾದರೆ ಅದನ್ನು ಬಿಡಿ ಚಿತ್ರಗಳಾಗಿ ಒಡೆದು ಹುಡುಕಬಹುದು. ಹಿನ್ನೆಲೆಯಲ್ಲಿರುವ ಅಂಗಡಿಯ ಫಲಕ, ವಾಹನದ ನಂಬರ್ ಪ್ಲೇಟ್, ಪೊಲೀಸರ ಸಮವಸ್ತ್ರ, ಆಡುವ ಭಾಷೆ ಇವೆಲ್ಲ ಘಟನೆ ಎಲ್ಲಿಯದೆಂದು ಹೇಳುತ್ತವೆ. ವಾಟ್ಸ್‌ಆ್ಯಪ್ ಸಂದೇಶದ ಮೇಲೆ ಎರಡು ಬಾಣಗಳ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದುದೆಂದು ಅರ್ಥ. ಹಿಂದೆ ‘ನುಡಿ’, ‘ಬರಹ’ಗಳ ಹಳೆಯ ಅಕ್ಷರಗಳಲ್ಲಿ ಬರೆದ ಕನ್ನಡವನ್ನು ಅಂತರ್ಜಾಲದಲ್ಲಿ ಹುಡುಕುವುದು ಕಷ್ಟವಾಗಿತ್ತು. ಯುನಿಕೋಡ್ ಬಂದ ಮೇಲೆ ಸುದ್ದಿಯ ಒಂದು ಸಾಲನ್ನು ಬರೆದು ಯಾರಾದರೂ ಅದನ್ನು ವರದಿ ಮಾಡಿದ್ದಾರೆಯೇ ಎಂದು ನೋಡುವುದು ಸುಲಭವಾಗಿದೆ. ಆದರೆ ಚಿತ್ರದೊಳಗಿನ ಬರಹ ಮತ್ತು ಧ್ವನಿ ಸಂದೇಶಗಳು ಈ ಹುಡುಕಾಟಕ್ಕೆ ಬೇಗನೆ ಸಿಗುವುದಿಲ್ಲ. ವದಂತಿಗಳು ಹೆಚ್ಚಾಗಿ ಆ ರೂಪದಲ್ಲೇ ಬರುತ್ತವೆ.

ಈಗ ಕೃತಕ ಬುದ್ಧಿಮತ್ತೆಯು ಈ ಸವಾಲನ್ನು ಇಮ್ಮಡಿಗೊಳಿಸಿದೆ. 2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೋರ್ವ ಮಹಿಳೆಯ ವೀಡಿಯೋಕ್ಕೆ ಅಂಟಿಸಿ ಹರಡಲಾಯಿತು. ಹೀಗೆ ಹೊಸತಾಗಿ ಸೃಷ್ಟಿಯಾದ ಚಿತ್ರದ ಹಳೆಯ ಪ್ರತಿ ಅಂತರ್ಜಾಲದಲ್ಲಿ ಸಿಗದೆಯೂ ಇರಬಹುದು. ಆಗ ಯಂತ್ರಕ್ಕಿಂತ ಹೆಚ್ಚು ನೆರವಾಗುವುದು ಹದೀಸ್ ವಿದ್ವಾಂಸರ ಆ ಹಳೆಯ ಪ್ರಶ್ನೆಯೇ: ಇದನ್ನು ಹೇಳಿದವರು ಯಾರು? ಅವರಿಗೆ ಹೇಳಿದವರು ಯಾರು? ಉತ್ತರವಿಲ್ಲದಿದ್ದರೆ ಸಂದೇಶವು ನಮ್ಮಲ್ಲಿಗೇ ಕೊನೆಗೊಳ್ಳಬೇಕು.

ಮಸೀದಿ ಆಡಳಿತ ಸಮಿತಿಗಳು ಮತ್ತು ಯುವ ಸಂಘಟನೆಗಳು ಈ ನಿಟ್ಟಿನಲ್ಲಿ ಚಿಂತಿಸಬೇಕು. ಪ್ರತಿ ಮೊಹಲ್ಲಾದಲ್ಲಿ ಕಂಪ್ಯೂಟರ್ ಬಲ್ಲ ನಾಲ್ಕು ಮಂದಿ ಯುವಕ-ಯುವತಿಯರ ತಂಡ ಇರಲಿ. ಗ್ರೂಪ್‌ನಲ್ಲಿ ಬಂದ ಸಂಶಯಾಸ್ಪದ ಸುದ್ದಿಯನ್ನು ಅವರು ಪರಿಶೀಲಿಸಿ ಫಲಿತಾಂಶವನ್ನು ಅದೇ ಗ್ರೂಪ್‌ನಲ್ಲಿ ತಿಳಿಸಲಿ. ಸುದ್ದಿ ನಮಗೆ ಹಿತವಾದರೂ, ಅಹಿತವಾದರೂ ಅಳತೆಗೋಲು ಒಂದೇ ಆಗಿರಲಿ. ಟಿ.ವಿ. ಚಾನೆಲೊಂದು ಸಮುದಾಯವನ್ನು ಅವಮಾನಿಸಿದರೆ ಕೂಗಾಡುವುದಕ್ಕಿಂತ ಕಾರ್ಯಕ್ರಮದ ಹೆಸರು, ದಿನಾಂಕ, ಸಮಯವನ್ನು ಬರೆದಿಟ್ಟು, ದೃಶ್ಯವನ್ನು ಉಳಿಸಿಕೊಂಡು, ಪ್ರಸಾರವಾದ ಏಳು ದಿನಗಳೊಳಗೆ ಚಾನೆಲ್‌ಗೇ ಲಿಖಿತ ದೂರು ನೀಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಪ್ರಾಧಿಕಾರದ ಬಾಗಿಲು ತಟ್ಟಬೇಕು. 2021ರಲ್ಲಿ ಕನ್ನಡದ ಎರಡು ಚಾನೆಲ್‌ಗಳಿಗೆ ದಂಡ ಬಿದ್ದದ್ದು ಕೆಲವು ನಾಗರಿಕರು ತಾಳ್ಮೆಯಿಂದ ದಾಖಲೆ ಕೂಡಿಟ್ಟು ದೂರು ಕೊಟ್ಟದ್ದರಿಂದಲೇ.

ಮಗನಿಗೆ ಲ್ಯಾಪ್‌ಟಾಪ್, ಮಗಳಿಗೆ ಮೊಬೈಲ್ ಕೊಡಿಸಲು ನಮ್ಮ ಹೆತ್ತವರು ಸಾಲ ಮಾಡಲೂ ಹಿಂಜರಿಯುವುದಿಲ್ಲ. ಒಳ್ಳೆಯದೇ. ಆದರೆ ಅದರ ಮೇಲೆ ಆಡುವ ಬೆರಳು ನಾಳೆ ಅಲ್ಲಾಹನ ಮುಂದೆ ಸಾಕ್ಷಿ ನುಡಿಯಲಿದೆ ಎಂಬ ಪ್ರಜ್ಞೆಯನ್ನು ಕೊಡಿಸುವುದಕ್ಕೆ ಸಾಲ ಬೇಕಾಗಿಲ್ಲ. ಊಟದ ಹೊತ್ತಿನಲ್ಲಿ ಮಕ್ಕಳೊಂದಿಗೆ ಕುಳಿತು, ‘ಇಂದು ಏನನ್ನು ಹಂಚಿದೆ? ಅದು ಸತ್ಯವೆಂದು ಹೇಗೆ ಗೊತ್ತಾಯಿತು?’ ಎಂದು ಕೇಳುವ ಬಿಡುವು ಬೇಕು. ಆ ಪ್ರಶ್ನೆಯನ್ನು ಪ್ರತಿ ಮನೆಯಲ್ಲೂ ಹೆತ್ತವರು ತಮಗೂ ಕೇಳಿಕೊಳ್ಳಲಿ.