ನೋವಿನ ನೆಲದಲ್ಲಿ ನಿಂತಾಗ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಸುತ್ತುವುದನ್ನೂ ಓದುವುದನ್ನೂ ಅವರು ಜೊತೆಯಾಗಿಯೇ ಹೇಳಿದರು. ಬೆಟ್ಟವನ್ನೋ ಜಲಪಾತವನ್ನೋ ಏನನ್ನೂ ಓದದೆ ನೋಡಿದರೆ ದೊಡ್ಡ ನಷ್ಟವಿಲ್ಲ. ಆದರೆ ಮನುಷ್ಯರು ನೊಂದು ಪ್ರಾಣಬಿಟ್ಟ ನೆಲಕ್ಕೆ ಹಾಗೆಯೇ ಹೋಗಿಬರುವುದು ಸರಿಯೇ?

ತಡಸದ ಮೂಲಕ ಹಾಯುವ ಹೆದ್ದಾರಿಯಲ್ಲಿ ರಜೆಯ ದಿನಗಳಂದು ಪ್ರವಾಸದ ವಾಹನಗಳು ಸಾಲುಗಟ್ಟುತ್ತವೆ. ಕೆಲವು ವರ್ಷಗಳ ಹಿಂದೆ ನಾನೂ ಅಂಥದೊಂದು ವಾಹನದಲ್ಲಿ ವಿದ್ಯಾರ್ಥಿಗಳನ್ನು ಹಾವೇರಿ ತಾಲ್ಲೂಕಿನ ಹೊಸರಿತ್ತಿಗೆ ಕರೆದೊಯ್ದಿದ್ದೆ. ಅಲ್ಲಿಯ ವೀರಭದ್ರ ದೇವಾಲಯದ ಅಂಗಳದಲ್ಲಿ ಹುಡುಗರು ಓಡಾಡಿ, ನಕ್ಕು ನಲಿದು, ಛಾಯಾಚಿತ್ರ ತೆಗೆಸಿಕೊಂಡು, ಬುತ್ತಿ ಬಿಚ್ಚಲು ಅವಸರಪಟ್ಟರು. ನನಗೆ ಸಿಟ್ಟು ಬಂದಿತು. ಗದರಿಸಬೇಕೆನ್ನುವಷ್ಟರಲ್ಲಿ ಹುಡುಗನೊಬ್ಬ, “ಗುರುಗಳೇ, ಇಲ್ಲಿ ಏನು ನಡೆಯಿತು?” ಎಂದು ಕೇಳಿದ. ತಪ್ಪು ಯಾರದೆಂದು ಆಗ ತಿಳಿಯಿತು. ಹೊರಡುವ ಮೊದಲು ನಾನು ಅವರಿಗೆ ಏನನ್ನೂ ಹೇಳಿರಲಿಲ್ಲ.

ಅಂಗಳದಲ್ಲಿಯೇ ಅವರನ್ನು ಕುಳ್ಳಿರಿಸಿ ಹೇಳಿದೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರ ದಾಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದಾಗ ಅವರಿಗೆ ಹದಿನೆಂಟರ ಹರೆಯ. ಮುಂದೆ 1943ರ ಏಪ್ರಿಲ್ 1ರಂದು, ಪರಕೀಯ ಸರಕಾರವು ರೈತರಿಂದ ವಸೂಲು ಮಾಡಿ ಇಲ್ಲಿ ಇರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಸಂಗಡಿಗರೊಡನೆ ಬಂದರು. ಪೊಲೀಸರ ಗುಂಡಿಗೆ ಅವರೂ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬವರೂ ಬಲಿಯಾದರು. ಮಹಾದೇವಪ್ಪನವರಿಗೆ ಆಗ 31 ವರ್ಷ. ಕೇಳುತ್ತ ಕೇಳುತ್ತ ಮಕ್ಕಳು ತಾವಾಗಿಯೇ ಮೌನವಾದರು. ಬುತ್ತಿಯ ಮಾತನ್ನು ಯಾರೂ ಎತ್ತಲಿಲ್ಲ.

ಇಂಥ ಸ್ಥಳಗಳನ್ನು ಪ್ರವಾಸದ ಪಟ್ಟಿಯಿಂದಲೇ ತೆಗೆದುಹಾಕಬೇಕೆಂದು ಹೇಳುವವರಿದ್ದಾರೆ. ನಾನು ಅದನ್ನು ಒಪ್ಪಲಾರೆ. ಯಾರೂ ಕಾಲಿಡದ ಸ್ಮಾರಕದ ಮೇಲೆ ಹುಲ್ಲು ಬೆಳೆಯುತ್ತದೆ. ಸತ್ತವರನ್ನು ಮರೆಯುವುದು ಅವರಿಗೆ ತೋರುವ ಗೌರವವಲ್ಲ. ಜಪಾನಿನ ಹಿರೋಷಿಮಾದಲ್ಲಿ 1945ರ ಆಗಸ್ಟ್ 6ರಂದು ಬಿದ್ದ ಅಣುಬಾಂಬಿಗೆ ಸಿಕ್ಕಿಯೂ ನಿಂತುಳಿದ ಗುಮ್ಮಟದ ಕಟ್ಟಡವೊಂದಿದೆ. ಅದನ್ನು ಕಂಡರೆ ಹಳೆಯ ನೋವು ಮರುಕಳಿಸುತ್ತದೆ, ಕೆಡವಿಬಿಡಿ ಎಂದು ಕೆಲವರು, ಉಳಿಸಬೇಕೆಂದು ಕೆಲವರು ವಾದಿಸಿದರು. ಕೊನೆಗೆ 1966ರಲ್ಲಿ ಆ ನಗರಸಭೆ ಅದನ್ನು ಉಳಿಸಲು ತೀರ್ಮಾನಿಸಿತು. ನೊಂದ ಊರೇ ಯೋಚಿಸಿ ತನ್ನ ಗಾಯವನ್ನು ಲೋಕಕ್ಕೆ ತೋರಿಸಲು ಒಪ್ಪಿತು. ಹಾಗೆ ಕರೆದಲ್ಲಿಗೆ ಹೋಗುವುದು ತಪ್ಪಲ್ಲ.

ಕರೆಯದಲ್ಲಿಗೆ ಹೋಗುವುದು ಬೇರೆಯ ಮಾತು. 2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನರು ಮಡಿದರು. ಅವರಲ್ಲಿ ಕನ್ನಡ ನಾಡಿನವರೂ ಇದ್ದರು. ಮಣ್ಣಿನಡಿಯಲ್ಲಿ ಸಿಕ್ಕವರನ್ನು ಇನ್ನೂ ಹುಡುಕುತ್ತಿರುವಾಗಲೇ, ಬರಿಯ ಕುತೂಹಲಕ್ಕಾಗಿ ಯಾರೂ ಬರಬೇಡಿರೆಂದು ಅಲ್ಲಿಯ ಪೊಲೀಸರು ವಿನಂತಿಸಬೇಕಾಯಿತು. ಯುದ್ಧವಿನ್ನೂ ಆರದ ನಾಡುಗಳಿಗೂ ಹಣ ತೆತ್ತು ನೋಡಲು ಹೋಗುವವರಿದ್ದಾರೆ. ಪ್ರವಾಸಿಗರಿಂದ ಬಡವರ ಹೊಟ್ಟೆ ತುಂಬುವುದಿಲ್ಲವೇ ಎಂದು ಅವರು ಕೇಳಬಹುದು. ಮನೆ ಕಟ್ಟಿಕೊಂಡು ಅಂಗಡಿ ತೆರೆದ ಮೇಲೆ ಆ ಮಾತು ನಿಜ. ಆದರೆ ಅಳುತ್ತಿರುವ ಮನೆಗೆ ನೆರವಾಗಲು ಹೋಗಬೇಕೇ ಹೊರತು ನೋಡಲು ಹೋಗಬಾರದು. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಗೆ ಹೋಗುವವರು ಈ ರೀತಿಯನ್ನು ಯಾರೂ ಕಲಿಸದೆಯೇ ಬಲ್ಲರು.

ವಿದ್ಯಾರ್ಥಿಗಳೇ, ನೀವೂ ಒಂದು ದಿನ ಶ್ರೀರಂಗಪಟ್ಟಣಕ್ಕೆ ಹೋಗುವಿರಿ. 1799ರ ಮೇ 4ರಂದು ಟಿಪ್ಪು ಸುಲ್ತಾನನ ದೇಹ ದೊರೆತ ಸ್ಥಳದಲ್ಲಿ ಒಂದು ಕಲ್ಲು ನಿಂತಿದೆ. ಅಂದು ಆ ಕೋಟೆಯಲ್ಲಿ ಮಡಿದ ಸಾವಿರಾರು ಸಾಮಾನ್ಯ ಸಿಪಾಯಿಗಳಿಗೆ ಅಂಥ ಕಲ್ಲುಗಳಿಲ್ಲ. ಛಾಯಾಚಿತ್ರ ತೆಗೆಸಿಕೊಳ್ಳುವ ಮೊದಲು ಒಂದು ಕ್ಷಣ ಅವರನ್ನೂ ನೆನೆಯಿರಿ.